ಹೊಳೆಮಣ್ಣೂರಿನ ಭೋಂಗಾ

ಪಿಎಚ್.ಡಿ.ಗೆ ಸೇರಿದಾಗ ನನಗೆ ಮೂವತ್ತೇಳು ವರ್ಷ. ಗಜೇಂದ್ರಗಡದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಮಗಳು ಏಳನೆಯ ತರಗತಿಯಲ್ಲಿದ್ದಳು. ಮನೆಗೆ ಬಂದವರಿಗೆಲ್ಲ ನಮ್ಮತ್ತೆ, ತಾಯಿಯೂ ಸಾಲಿಗೆ ಹೋಗುತ್ತಾಳೆ, ಮಗಳೂ ಸಾಲಿಗೆ ಹೋಗುತ್ತಾಳೆ, ಇಬ್ಬರಿಗೂ ಬುತ್ತಿ ಕಟ್ಟುವ ಕೆಲಸ ತಮ್ಮದು ಎಂದು ಹೇಳುತ್ತಿದ್ದರು. ದೂರಿನಂತೆ ಕೇಳಿಸಿದರೂ ಅದು ದೂರಾಗಿರಲಿಲ್ಲ. ಶನಿವಾರ ನಾನು ಪಿಎಚ್.ಡಿ. ಕೆಲಸಕ್ಕೆ ಹುಬ್ಬಳ್ಳಿಯ ಬಸ್ಸು ಹಿಡಿಯುವ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು.

ನನ್ನ ವಿಷಯ ಏನೆಂದು ಓಣಿಯವರು ಕೇಳಿದರೆ ವಾಷಿಂಗ್ ಮಷೀನನ್ನು ತೋರಿಸುತ್ತಿದ್ದೆ. ಅದರ ಹೊಟ್ಟೆಯಲ್ಲೊಂದು ಸಣ್ಣ ಕಂಪ್ಯೂಟರ್ ಇದೆ, ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ನೀರು ತುಂಬಿತೋ ಇಲ್ಲವೋ ನೋಡಿ ಮೋಟಾರು ತಿರುಗಿಸುವುದಷ್ಟೇ ಅದರ ಕೆಲಸ. ಅದೇ ಎಂಬೆಡೆಡ್ ಸಿಸ್ಟಮ್. ಅಂಥ ಕಂಪ್ಯೂಟರನ್ನು ಹೊಲಕ್ಕೋ ಹೊಳೆಗೋ ಸೇತುವೆಗೋ ಕಟ್ಟಿ, ಅಲ್ಲಿ ಆಗುವುದನ್ನು ಅದೇ ಅರಿತು, ಮಾಡಬೇಕಾದ್ದನ್ನು ಅದೇ ಮಾಡುವಂತೆ ಮಾಡಿದರೆ ಸೈಬರ್-ಫಿಸಿಕಲ್ ಸಿಸ್ಟಮ್ ಎನ್ನುತ್ತಾರೆ. ನಾನು ಆರಿಸಿಕೊಂಡಿದ್ದು ಹೊಳೆಯನ್ನು.

ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಮಲಪ್ರಭೆ ಉಕ್ಕಿದಾಗ ರೋಣದ ಒಂದು ಶಾಲೆಯಲ್ಲಿ ನೆರೆಗೆ ಸಿಕ್ಕ ಜನರಿಗೆ ಊಟ ಬಡಿಸಲು ಹೋಗಿದ್ದೆ. ಅಲ್ಲಿ ಹೊಳೆಮಣ್ಣೂರಿನವರು ಹೇಳಿದ ಒಂದು ಮಾತು ನನ್ನನ್ನು ಬಿಟ್ಟಿರಲಿಲ್ಲ. ಅಣೆಕಟ್ಟಿನ ನೀರು ಡಂಗುರ ಹೊಡೆಸಿಕೊಂಡು ಬರುತ್ತದೆ, ಹಳ್ಳಗಳ ನೀರು ಹೇಳದೇ ಬರುತ್ತದೆ ಎಂದಿದ್ದರು. ಹೇಳದೇ ಬರುವ ನೀರನ್ನು ಹೇಳಿಸುವಂತೆ ಮಾಡಬೇಕೆಂದು ನನ್ನ ಮಾರ್ಗದರ್ಶಕರ ಮುಂದೆ ಕೂತು ಹೇಳಿದೆ. ಅವರು ಹುಬ್ಬಳ್ಳಿಯವರು, ಮಿತಭಾಷಿ, ಮೂಗಿನ ತುದಿಯಲ್ಲಿ ಕನ್ನಡಕ. ಕಂಪ್ಯೂಟರಿನೊಳಗೇ ಹೊಳೆಯೊಂದನ್ನು ಕಟ್ಟಿ ಪರೀಕ್ಷಿಸಿದರೆ ಮೂರು ವರ್ಷಕ್ಕೆ ಮುಗಿಯುತ್ತದೆ, ಖರೇ ಹೊಳೆಗೆ ಇಳಿದರೆ ಎಷ್ಟು ವರ್ಷವೋ ಹೇಳಲಾಗದು ಎಂದರು. ನಾನು ಇಳಿಯುತ್ತೇನೆ ಎಂದೆ.

ಉಪಕರಣ ಸರಳವಾದದ್ದು. ಹೊಳೆಗೆ ಇಳಿಯುವ ಪಾವಟಿಗೆಗಳ ಪಕ್ಕ ಒಂದು ಎತ್ತರದ ಕಂಬ. ಅದರ ತುದಿಯಿಂದ ಕೆಳಮುಖವಾಗಿ ನಮಗೆ ಕೇಳಿಸದಂಥ ಸಣ್ಣ ಸದ್ದೊಂದು ಹೊರಡುತ್ತದೆ, ನೀರಿಗೆ ಬಡಿದು ಮರಳುತ್ತದೆ. ಮರಳಲು ಹಿಡಿದ ಸಮಯದಿಂದ ನೀರು ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ. ನೀರು ಅಪಾಯದ ಗೆರೆ ದಾಟಿದರೆ ಊರ ಶಾಲೆಯ ಮಾಳಿಗೆಯ ಮೇಲಿನ ಭೋಂಗಾ, ಅಂದರೆ ಸೈರನ್, ಕೂಗುತ್ತದೆ. ಇದರ ಸರ್ಕಿಟ್ಟು ಕೂಡಿಸುವ ತಗಡಿನ ಡಬ್ಬಿಯನ್ನು ಮಾಡಿಕೊಟ್ಟವರು ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಮೋಟಾರು ರೀವೈಂಡಿಂಗ್ ಅಂಗಡಿ ಇಟ್ಟಿದ್ದ ಕಾಕಾ. ನಮ್ಮ ತವರುಮನೆಯ ಫ್ಯಾನುಗಳನ್ನು ನಾನು ಸಣ್ಣವಳಿದ್ದಾಗಿನಿಂದ ದುರಸ್ತಿ ಮಾಡುತ್ತಿದ್ದ ಮುಸಲ್ಮಾನ ಹಿರಿಯರು. ಸರ್ಕಿಟ್ಟಿಗೆ ತೇವ ತಾಗದಂತೆ ಮೋಟಾರಿನ ತಂತಿಗೆ ಬಳಿಯುವ ವಾರ್ನಿಶನ್ನು ಬಳಿದು, ಎರಡು ದಿನ ಬಿಸಿಲಿಗಿಟ್ಟು ಕೊಟ್ಟರು. ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿತ್ತು. ಅವರಿಗೆ ಅದು ದಿನದ ಕೆಲಸ.

ಹೊಳೆಮಣ್ಣೂರಿನಲ್ಲಿ ಪಾವಟಿಗೆಗಳ ಮೇಲಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ನಡೆಸುತ್ತಿದ್ದವಳು ನನಗಿಂತ ನಾಲ್ಕೈದು ವರ್ಷ ಹಿರಿಯಳಾದ ಹೆಣ್ಣುಮಗಳು. ನಾನು ಅವಳನ್ನು ಅಕ್ಕ ಎಂದೆ. ಅವಳು, ಆ ಕಡೆ ಶಿಕ್ಷಕಿಯರನ್ನು ಕರೆಯುವಂತೆ, ನನ್ನನ್ನು ಅಕ್ಕೋರು ಎಂದಳು. ಗಿರಣಿಗೆ ಕರೆಂಟು ಇದ್ದುದರಿಂದ ನಿಯಂತ್ರಣದ ಪೆಟ್ಟಿಗೆಯನ್ನು ಅಲ್ಲಿಯೇ ಗೋಡೆಗೆ ಕೂಡಿಸಿದೆವು. ಅವಳು ತಲೆಯ ಸೆರಗಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ನನ್ನ ಕೆಲಸವನ್ನೆಲ್ಲ ನೋಡಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಇದು ತಪ್ಪ ಹೇಳಿದ್ರ ಯಾರನ್ನ ಕೇಳಬೇಕ್ರಿ ಅಕ್ಕೋರ?"

ತಪ್ಪು ಹೇಳುವುದಿಲ್ಲ, ಭಾಳ ಪರೀಕ್ಷೆ ಮಾಡಿದ್ದೇನೆ ಎಂದೆ. ಅವಳು ನನ್ನ ಫೋನ್ ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡಳು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಗಜೇಂದ್ರಗಡದಲ್ಲಿ ಕೂತೇ ನಾನು ಹೊಳೆಯ ಏರಿಳಿತ ನೋಡುತ್ತಿದ್ದೆ. ತಿಂಗಳಿಗೊಮ್ಮೆ ಹೋದಾಗ ಅಕ್ಕ ಯಾವ ದಿನ ನೀರು ಎಷ್ಟನೇ ಪಾವಟಿಗೆಗೆ ಇತ್ತೆಂದು ಬಾಯಿಪಾಠ ಹೇಳುತ್ತಿದ್ದಳು. ನನ್ನ ಅಂಕಿಗಳೂ ಅವಳ ಪಾವಟಿಗೆಗಳೂ ತಾಳೆಯಾಗುತ್ತಿದ್ದವು. ನನಗೆ ಅದು ನನ್ನ ಯಂತ್ರದ ಸಾಕ್ಷಿಯಾಗಿ ಕಂಡಿತೇ ಹೊರತು ಅವಳ ಕಣ್ಣಿನ ಸಾಕ್ಷಿಯಾಗಿ ಕಾಣಲಿಲ್ಲ.

ಎರಡನೆಯ ವರ್ಷ ಒಂದು ಸಮ್ಮೇಳನಕ್ಕೆ ಪ್ರಬಂಧ ಬರೆಯುವಾಗ ತೊಡಕಾಯಿತು. ನೀರು ಗೆರೆ ದಾಟಿದೆ ಎಂದು ಕಂಡ ಕೂಡಲೇ ಭೋಂಗಾ ಕೂಗದಂತೆ ನಾನು ಒಂದು ತಡೆ ಇಟ್ಟಿದ್ದೆ. ಎಂಟು ನಿಮಿಷ ಸತತವಾಗಿ ನೀರು ಮೇಲೆಯೇ ಇದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಕೂಗಬೇಕು. ಅಷ್ಟರೊಳಗೆ ನನ್ನ ಫೋನಿಗೆ ಸಂದೇಶ ಬರುತ್ತಿತ್ತು, ಅನುಮಾನವಿದ್ದರೆ ನಾನು ತಡೆಯಬಹುದಿತ್ತು. ಕೋಷ್ಟಕದಲ್ಲಿ ಆ ಎಂಟು ನಿಮಿಷ ಚೆನ್ನಾಗಿ ಕಾಣುತ್ತಿರಲಿಲ್ಲ. ಬೇರೆಯವರ ಪ್ರಬಂಧಗಳಲ್ಲಿ ಸೆಕೆಂಡುಗಳ ಲೆಕ್ಕ ಇರುತ್ತಿತ್ತು. ಇಷ್ಟು ನಿಧಾನ ಯಾಕೆ ಎಂದು ಮಾರ್ಗದರ್ಶಕ ಸರ್ ಕೇಳಿದ್ದು ನಿಜ, ತಡೆಯನ್ನು ತೆಗೆಯಿರಿ ಎಂದು ಅವರು ಹೇಳಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು, ನೆಟ್‌ವರ್ಕಿನ ಮೂಲಕವೇ ಹೊಳೆಮಣ್ಣೂರಿನ ಪೆಟ್ಟಿಗೆಗೆ ಹೊಸ ಪ್ರೋಗ್ರಾಂ ಕಳಿಸಿದೆ. ಒಂದು ಸಲ ಗೆರೆ ದಾಟಿದ್ದು ಕಂಡರೆ ಸಾಕು, ಕೂಗು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಶ್ರಾವಣದ ಒಂದು ಮಂಗಳವಾರ ಮುಂಜಾನೆ ಪಾಠ ಮಾಡುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಹೊಳೆಮಣ್ಣೂರಿನಲ್ಲಿ ಭೋಂಗಾ ಕೂಗಿದೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನನಗೆ ಮೊದಲು ಆಗಿದ್ದು ಸಂತೋಷ. ಕೊನೆಗೂ ಒಂದು ಘಟನೆ ಸಿಕ್ಕಿತು, ನಕ್ಷೆಯಲ್ಲಿ ಒಂದು ಶಿಖರ ಬರುತ್ತದೆ ಎಂದುಕೊಂಡೆ. ಕಾಲು ತಾಸಿನ ಮೇಲೆ ಅಕ್ಕನ ಫೋನ್ ಬಂತು.

"ಅಕ್ಕೋರ, ಹೊಳಿ ಎಲ್ಲಿತ್ತೊ ಅಲ್ಲೇ ಐತ್ರಿ. ನಮ್ಮತ್ತಿ ಬಿದ್ದಾರ." ಅಷ್ಟು ಹೇಳಿ ಇಟ್ಟುಬಿಟ್ಟಳು.

ಪಾಠ ಬಿಟ್ಟು ರೋಣದ ಬಸ್ಸು ಹತ್ತಿದೆ. ದಾರಿಯಲ್ಲಿ ಮತ್ತೆ ಫೋನ್ ಮಾಡಿದಾಗ ಅವಳ ಗಂಡ ಎತ್ತಿದ, ತಾಯಿಯನ್ನು ಟ್ರ್ಯಾಕ್ಟರಿನಲ್ಲಿ ರೋಣದ ದವಾಖಾನಿಗೆ ತಂದಿದ್ದೇವೆ ಎಂದ. ನಾನು ನೇರ ಅಲ್ಲಿಗೇ ಹೋದೆ. ಭೋಂಗಾ ಕೇಳಿ ಎಲ್ಲರೂ ದನ ಬಿಚ್ಚಿಕೊಂಡು, ಮಕ್ಕಳನ್ನು ಎತ್ತಿಕೊಂಡು ಎತ್ತರದ ಶಾಲೆಯ ಕಡೆ ಓಡುವಾಗ ಮುದುಕಿ ಕೆಸರಿನಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಕೈ ಕಟ್ಟಿ ಬೆಂಚಿನ ಮೇಲೆ ಕೂಡಿಸಿದ್ದರು. ಊರಿನವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನನ್ನನ್ನು ನೋಡಿ ಕೇಳಿದಳು.

"ಹೊಳಿ ಬಂತೇನವ್ವಾ?"

"ಇಲ್ಲ ಆಯಿ, ಬರಲಿಲ್ಲ."

"ಬರಲಿಲ್ಲಾ? ಚಲೋ ಆತ ಬಿಡು," ಎಂದಳು.

ಅವಳ ದನಿಯಲ್ಲಿ ಖರೇ ಸಮಾಧಾನವಿತ್ತು. ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ನಾನು ಗೋಡೆಯ ಕಡೆ ಮುಖ ತಿರುಗಿಸಿ, ಅಲ್ಲಿ ಅಂಟಿಸಿದ್ದ ಲಸಿಕೆಯ ಭಿತ್ತಿಪತ್ರವೊಂದನ್ನು ಬಹಳ ಹೊತ್ತು ಓದಿದೆ.

ಊರು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಹೊಳೆ ಬಂದೀತೆಂದು ಅಲ್ಲಿಯವರೆಗೂ ಕಾದಿದ್ದ ಜನ ಗಂಟುಮೂಟೆ ಹೊತ್ತು ಶಾಲೆಯಿಂದ ಮರಳುತ್ತಿದ್ದರು. ಹನ್ನೆರಡು ದಿನದ ಬಾಣಂತಿಯೊಬ್ಬಳು ತಲೆಗೆ ಕಂಬಳಿ ಹೊದ್ದು, ತಾಯಿಯ ಹೆಗಲು ಹಿಡಿದು ನಡೆಯುತ್ತಿದ್ದಳು. ಯಾರೂ ಬೈಯಲಿಲ್ಲ. ಒಬ್ಬ ಮಾತ್ರ, ಪ್ರಾಕ್ಟಿಕಲ್ ಮುಗಿಯಿತೇನು ಎಂದು ಕೇಳಿದ. ಅದಕ್ಕಿಂತ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಕ್ಕನ ಗಂಡನ ತಮ್ಮ ಏಣಿ ಹಿಡಿದ, ನಾನು ಕಂಬ ಹತ್ತಿದೆ. ಮಳೆಹನಿ ತಾಗದಿರಲೆಂದು ಸೆನ್ಸರಿನ ಸುತ್ತ ನಾನು ಕೊಡೆಯಂತೆ ಒಂದು ಗೇಣುದ್ದದ ಪೈಪು ತೊಡಿಸಿದ್ದೆ. ಅದರ ಬಾಯಲ್ಲಿ ಕುಂಬಾರ ಹುಳ ಕೆಸರು ತಂದು ಗೂಡು ಕಟ್ಟಿತ್ತು. ಗೂಡು ದಿನಗಟ್ಟಲೆ ಬೆಳೆದಿತ್ತು. ಸದ್ದು ಅದಕ್ಕೆ ಬಡಿದು ಮರಳಿದ್ದನ್ನು ಯಂತ್ರ ಆ ಮುಂಜಾನೆ ಮೊದಲ ಸಲ ನೀರೆಂದು ಎಣಿಸಿತ್ತು. ಅಷ್ಟು ದೊಡ್ಡ ಹೊಳೆ ಒಂದೇ ನಿಮಿಷದಲ್ಲಿ ಎರಡಾಳು ಏರುವುದು ಸಾಧ್ಯವೇ ಎಂದು ಅನುಮಾನಿಸುವ ನಿಯಮ ಅದಕ್ಕಿರಲಿಲ್ಲ. ಇದ್ದ ಒಂದು ತಡೆಯನ್ನು ನಾನೇ ತೆಗೆದಿದ್ದೆ. ಕೆಳಗೆ ನಿಂತವರಿಗೆ ಗೂಡು ತೋರಿಸಿ, ಹುಳದಿಂದ ಹೀಗಾಯಿತು ಎಂದು ಹೇಳಿ ಬಂದೆ.

ಸರ್‌ಗೆ ಎಲ್ಲವನ್ನೂ ಹೇಳಿದೆ. ಮಹಾಪ್ರಬಂಧದಲ್ಲಿ ಸೆನ್ಸರಿಗೆ ಅಡಚಣೆಯಾಗಿತ್ತು ಎಂದು ಒಂದು ಸಾಲು ಬರೆದು ಮುಂದೆ ಹೋಗಬಹುದು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದರು. ಅವರು ನನ್ನನ್ನು ಸಮಾಧಾನ ಮಾಡಲೆಂದೇ ಹಾಗೆ ಹೇಳಿದ್ದು. ಕೆಲವು ದಿನ ನಾನೂ ಸಮಾಧಾನ ಮಾಡಿಕೊಂಡೆ.

ಗೂಡಿನ ಸಮೇತ ಪೈಪನ್ನು ಕಾಕಾನ ಅಂಗಡಿಗೆ ಒಯ್ದೆ, ಬಾಯಿಗೆ ಜಾಳಿಗೆ ಕೂಡಿಸಿಕೊಡಿ ಎಂದು. ಅವರು ನೋಡಿ ನಕ್ಕರು. ಲಕ್ಕಲಕಟ್ಟಿಯ ಹೊಲಗಳಲ್ಲಿ ಪಂಪಿನ ಸ್ಟಾರ್ಟರ್ ಡಬ್ಬಿ ತೆಗೆದಾಗಲೆಲ್ಲ ಇದೇ ಗೂಡು ಇರುತ್ತದೆ, ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ ಎಂದರು. ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಊರವರಿಗೆ ಏನು ಹೇಳಿದೆ ಎಂದು ವಿಚಾರಿಸಿದರು. ಹುಳದ ಗೂಡು ತೋರಿಸಿದೆ ಎಂದೆ. ಎಂಟು ನಿಮಿಷದ ತಡೆಯ ಸಂಗತಿಯೂ ಬಾಯಿಗೆ ಬಂದುಬಿಟ್ಟಿತು. ಅವರು ಜಾಳಿಗೆ ಕತ್ತರಿಸುವುದನ್ನು ನಿಲ್ಲಿಸಿದರು.

"ಹಂಗಾರ ತಪ್ಪು ಹುಳದ ಮ್ಯಾಲೆ ಹಾಕಿ ಬಂದಿ. ಮೋಟರ್ ಸುಟ್ರ ನಾ ಕರೆಂಟಿನ ಮ್ಯಾಲೆ ಹಾಕಾಂಗಿಲ್ಲ, ಬೇಟಿ. ನನ್ನ ಕೈಯಾಗಿಂದ ಆಗಿದ್ರ ನನ್ನ ಕೈಯಾಗಿಂದ ಆಗೇತಿ ಅಂತೀನಿ. ಅದಕ್ಕ ಜನ ತಿರುಗಿ ಬರ್ತಾರ."

ಮುಂದಿನ ರವಿವಾರ ಹೊಳೆಮಣ್ಣೂರಿಗೆ ಹೋದೆ. ಗಿರಣಿಯಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ಹತ್ತು ಹನ್ನೆರಡು ಮಂದಿ ಹೆಂಗಸರು ಕೂತಿದ್ದರು. ಕಟ್ಟೆಯ ಮೇಲೆ ಕೆಲವು ಗಂಡಸರಿದ್ದರು. ನಾನು ಒಂದು ಮಾತು ಹೇಳಬೇಕು ಎಂದಾಗ ಅಕ್ಕ ಮೋಟಾರು ಆರಿಸಿದಳು. ಆ ಸದ್ದು ನಿಂತ ಮೇಲೆ ಮಾತಾಡುವುದು ಇನ್ನಷ್ಟು ಕಷ್ಟವಾಯಿತು. ಎಂಟು ನಿಮಿಷದ ತಡೆ ಇತ್ತೆಂದೂ, ನನ್ನ ಬರಹ ಚಂದ ಕಾಣಲೆಂದು ಅದನ್ನು ತೆಗೆದೆನೆಂದೂ, ಅದಿದ್ದಿದ್ದರೆ ಕೂಗುವ ಮೊದಲು ನನಗೆ ಸುದ್ದಿ ಬಂದು ನಾನು ನಿಲ್ಲಿಸಬಹುದಿತ್ತೆಂದೂ ಹೇಳಿದೆ. ಹುಳ ತನ್ನ ಮನೆ ಕಟ್ಟಿಕೊಂಡಿತ್ತು ಅಷ್ಟೇ, ತಪ್ಪು ನನ್ನದು ಎಂದೆ. ಆಯಿ ಒಳಬಾಗಿಲಲ್ಲಿ ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಕ್ಕ ಹೇಳಿದಳು. "ತಪ್ಪ ಆಗ್ತಾವ್ರಿ, ಅದೇನ ದೊಡ್ಡದಲ್ಲ. ಆದ್ರ ಅದಕ್ಕ ಸಂಶೆ ಬಂದಾಗ ಗಜೇಂದ್ರಗಡದಾಗ ಇರೋ ನಿಮಗ್ಯಾಕ ಕೇಳಬೇಕ್ರಿ? ನಾವ ಇಲ್ಲೇ ಇರ್ತೀವಿ. ಕಿಡಕಿ ತಗದ್ರ ಹೊಳಿ ಕಾಣತೈತಿ. ನಮ್ಮನ್ನ ಕೇಳಬೇಕಿತ್ತು."

ಮರಳುವಾಗ ಬಸ್ಸಿನಲ್ಲಿ ಆ ಮಾತನ್ನು ಬರೆದುಕೊಂಡೆ. ಎರಡು ವರ್ಷ ನಾನು ಓದಿದ ಪ್ರಬಂಧಗಳಲ್ಲೆಲ್ಲ ಯಂತ್ರ ಹೆಚ್ಚು ಹೆಚ್ಚು ಖಾತ್ರಿಯಾಗುವ ದಾರಿಗಳೇ ಇದ್ದವು. ಖಾತ್ರಿಯಿಲ್ಲದಾಗ ಹತ್ತಿರದಲ್ಲಿರುವ ಮನುಷ್ಯರನ್ನು ಹೇಗೆ ಕೇಳಬೇಕು, ಅವರು ಉತ್ತರಿಸದಿದ್ದರೆ ಎಷ್ಟು ಹೊತ್ತು ಕಾಯಬೇಕು, ಯಾವಾಗ ಯಾರನ್ನೂ ಕೇಳದೆ ಕೂಗಬೇಕು, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸರ್‌ಗೆ ಹೇಳಿದಾಗ ಇದರಲ್ಲಿ ಸಂಶೋಧನೆ ಎಲ್ಲಿದೆ, ಹಳ್ಳಿಯವರಿಗೆ ಫೋನ್ ಮಾಡುವುದು ಎಂಜಿನಿಯರಿಂಗೇ ಎಂದು ಕೇಳಿದರು. ಒಮ್ಮೆ ಬಂದು ನೋಡಿ ಎಂದೆ. ಒಂದು ತಿಂಗಳ ಮೇಲೆ ತಮ್ಮದೇ ಕಾರಿನಲ್ಲಿ ನರಗುಂದದ ದಾರಿ ಹಿಡಿದು ಬಂದರು. ಗಿರಣಿಯಲ್ಲಿ ಒಂದು ಗೋಣಿಚೀಲದ ಮೇಲೆ ಕೂತು ಅಕ್ಕನಿಗೆ ಎರಡು ತಾಸು ಪ್ರಶ್ನೆ ಕೇಳಿದರು. ಹೊಳೆ ಏರುವ ಮೊದಲು ನೀರಿನ ಬಣ್ಣ ಹೇಗಾಗುತ್ತದೆ, ಏನೇನು ತೇಲಿ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಒಂದು ಪಾವಟಿಗೆ ಮುಳುಗುತ್ತದೆ, ಎಲ್ಲವನ್ನೂ ಬರೆದುಕೊಂಡರು. ವಾಪಸು ಹೋಗುವಾಗ ನಾನೂ ಹುಬ್ಬಳ್ಳಿಗೆ ಹೊರಟಿದ್ದೆ. ನರಗುಂದದಲ್ಲಿ ಚಹಾಕ್ಕೆ ನಿಲ್ಲಿಸಿ, ಕಪ್ಪು ಖಾಲಿ ಮಾಡಿ ಅಂದರು:

"ಒಂದೂವರೆ ವರ್ಷ ಹೆಚ್ಚಿಗಿ ಹಿಡಿತೈತಿ. ತಯಾರದೀರೇನು?"

ತಯಾರಿದ್ದೆ. ಮನೆಯಲ್ಲಿ ಹೇಳಿದಾಗ ಅತ್ತೆ, ಹಾಗಾದರೆ ಬುತ್ತಿಯ ಡಬ್ಬಿ ಹೊಸದು ತರಬೇಕು, ಇದರ ಮುಚ್ಚಳ ಸಡಿಲಾಗಿದೆ ಎಂದರು.

ಹೊಸ ಪದ್ಧತಿಯಲ್ಲಿ, ನೀರು ಒಮ್ಮೆಲೇ ಏರಿದಂತೆ ಕಂಡರೆ ಪೆಟ್ಟಿಗೆ ಹೊಳೆಗೆ ಹತ್ತಿರದ ನಾಲ್ಕು ಮನೆಗಳಿಗೆ ಫೋನ್ ಮಾಡುತ್ತದೆ. ಯಾರೂ ಎತ್ತದಿದ್ದರೆ ಐದು ನಿಮಿಷ ಕಾದು ತಾನೇ ಕೂಗುತ್ತದೆ. ಐದು ಸಾಕೇ, ಹತ್ತು ಬೇಕೇ ಎಂಬುದನ್ನು ಗಿರಣಿಯಲ್ಲಿ ಕೂತು ಜಗಳವಾಡಿ ನಿಶ್ಚಯಿಸಿದೆವು. ಫೋನಿನಲ್ಲಿ ಯಾರ ದನಿ ಇರಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ಅಕ್ಕನ ಕಡೆ ನೋಡಿದರು. ಮೊದಲ ಸಲ ಅವಳು ರೇಡಿಯೋದವರಂತೆ ಪುಸ್ತಕದ ಭಾಷೆಯಲ್ಲಿ ಹೇಳಿದಳು. ಹೆಂಗಸರೆಲ್ಲ ನಕ್ಕಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ತನ್ನ ದನಿಯಲ್ಲಿ ಹೇಳಿದ್ದೇ ಚಲೋ ಬಂತು: "ಹೊಳಿ ಏರೇತೇನ ಕಿಡಕಿ ತಗದ ನೋಡ್ರಿ. ನನಗ ಖಾತ್ರಿ ಇಲ್ಲ. ಏರಿದ್ರ ಒಂದ ಒತ್ರಿ, ಇಲ್ಲಂದ್ರ ಎರಡ ಒತ್ರಿ."

ಪೆಟ್ಟಿಗೆ ಅನೇಕ ಸಲ ಕೇಳಿತು. ಒಮ್ಮೆ ಕಂಬದ ಮೇಲೆ ಹಕ್ಕಿ ಕೂತಿತ್ತು, ಒಮ್ಮೆ ಜೊಂಡಿನ ರಾಶಿ ತೇಲಿ ಬಂದಿತ್ತು. ಯಾರಾದರೊಬ್ಬರು ನೋಡಿ ಎರಡು ಒತ್ತುತ್ತಿದ್ದರು. ಒಂದು ಸಲ ನಾಲ್ಕೂ ಮನೆಯವರು ಮದುವೆಗೆ ಹೋಗಿದ್ದಾಗ ಉತ್ತರವಿಲ್ಲದೆ ಭೋಂಗಾ ಕೂಗಿತು. ಆಗ ಯಾರಿಗೂ ಸಿಟ್ಟು ಬರಲಿಲ್ಲ. ಯಾಕೆ ಕೂಗಿತೆಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಸಲ ಊರು ಬಿಡುವವರು ಪಕ್ಕದ ಮನೆಗೆ ಫೋನ್ ಕೊಟ್ಟು ಹೋಗತೊಡಗಿದರು. ಅದು ನಾನು ಬರೆದ ನಿಯಮವಲ್ಲ.

ಮರುವರ್ಷ ಹೊಳೆ ಖರೇನೇ ಬಂತು. ಬೆಳಗಿನ ಚಹಾದ ಹೊತ್ತು. ಮೇಲೆ ಎಲ್ಲೋ ಮಳೆಯಾಗಿ ಹಳ್ಳಗಳು ಇಳಿದಿದ್ದವು, ಊರಿನಲ್ಲಿ ಹನಿಯೂ ಬಿದ್ದಿರಲಿಲ್ಲ. ತನ್ನದೇ ದನಿಯ ಫೋನ್ ಎತ್ತಿ ಅಕ್ಕ ಕಿಟಕಿ ತೆಗೆದಾಗ ಮೂರು ಪಾವಟಿಗೆ ಮುಳುಗಿದ್ದವು, ನೀರು ಕಪ್ಪುಮಣ್ಣಿನ ಬಣ್ಣಕ್ಕೆ ತಿರುಗಿ ಜಾಲಿಯ ಟೊಂಗೆಗಳನ್ನು ತಿರುವುತ್ತಿತ್ತು. ಅವಳು ಒಂದು ಒತ್ತಿದಳು, ಭೋಂಗಾ ಕೂಗಿತು. ಆ ಸಲ ಯಾರೂ ಓಡಲಿಲ್ಲ, ನಡೆದುಕೊಂಡು ಹೋದರು. ಮುದುಕರನ್ನು ಮೊದಲು ಬಂಡಿ ಹತ್ತಿಸಿದರು. ಆಯಿ ತನ್ನ ಕೋಳಿಗಳನ್ನು ಬುಟ್ಟಿಗೆ ಹಾಕಿಸಿಕೊಂಡು ಹೋದಳಂತೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಓಣಿ ನೀರಿನಲ್ಲಿತ್ತು. ಐದು ಮನೆಗಳ ಗೋಡೆ ಕುಸಿದವು, ಗಿರಣಿ ಮುಳುಗಿತು. ಒಂದು ದನವೂ ಹೋಗಲಿಲ್ಲ.

ನಾನು ಗಜೇಂದ್ರಗಡದಲ್ಲಿ ಪರದೆಯ ಮುಂದೆ ಕೂತಿದ್ದೆ. ಹನ್ನೊಂದರ ಸುಮಾರಿಗೆ ನಕ್ಷೆಯ ಗೆರೆ ನಿಂತುಹೋಯಿತು. ಕಂಬವನ್ನೇ ಹೊಳೆ ಒಯ್ದಿತ್ತು. ನೀರು ಇಳಿದ ಮೇಲೆ ಹೋದಾಗ ಅಕ್ಕ ಗಿರಣಿಯ ಕೆಸರು ಬಳಿಯುತ್ತಿದ್ದಳು. ನಾನೂ ಸೆರಗು ಕಟ್ಟಿ ಬುಟ್ಟಿ ಹಿಡಿದೆ. ಗಿರಣಿಯ ಮೋಟಾರನ್ನು ಅವಳ ಗಂಡನ ಟ್ರ್ಯಾಕ್ಟರಿನಲ್ಲಿ ಕಾಕಾನ ಅಂಗಡಿಗೆ ತಂದೆವು. ಸರತಿಯಲ್ಲಿದ್ದ ಬೇರೆ ಮೋಟಾರುಗಳನ್ನು ಬದಿಗಿಟ್ಟು ಅವರು ಅದನ್ನೇ ಮೊದಲು ಬಿಚ್ಚಿದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ನಕ್ಷೆ ನೋಡಿ, ಮುಖ್ಯವಾದ ಹೊತ್ತಿನಲ್ಲೇ ಗೆರೆ ಯಾಕೆ ನಿಂತಿದೆ ಎಂದು ಕೇಳಿದರು. ಕಂಬ ಹೋಯಿತು ಮೇಡಂ ಎಂದೆ. ಆಮೇಲಿನ ನೀರಿನ ಮಟ್ಟ ನಿಮಗೆ ಹೇಗೆ ಗೊತ್ತು ಎಂದರು. ಮುಂದಿನ ಪುಟ ತೋರಿಸಿದೆ. ಶಾಲೆಯ ವರಾಂಡದಲ್ಲಿ ನಿಂತು ಅಕ್ಕ ತಾಸಿಗೊಮ್ಮೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಳು, ನೀರು ಎಲ್ಲಿ ಮುಟ್ಟಿದೆ, ಎಷ್ಟು ಹೊತ್ತಿಗೆ. ಅದರ ಫೋಟೋವನ್ನು ನಾನು ಕೋಷ್ಟಕದ ಪಕ್ಕದಲ್ಲೇ ಹಾಕಿದ್ದೆ. ಎಂಟು ನಿಮಿಷದ ತಡೆಯನ್ನು ತೆಗೆದ ಕಥೆ ಒಂದು ಪೂರ್ಣ ಅಧ್ಯಾಯವಾಗಿತ್ತು. ಅದನ್ನು ಬರೆಯುವುದು ಅಗತ್ಯವಿತ್ತೇ ಎಂದು ಪರೀಕ್ಷಕಿ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಸರ್, ಇತ್ತು ಎಂದರು.

ಈಗ ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತೇನೆ. ಆಯಿಯ ಮುಂಗೈ ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ. ರೊಟ್ಟಿ ಬಡಿಯುವಾಗ ಎಡಗೈಯಲ್ಲಿ ತಿರುಗಿಸಿಕೊಳ್ಳುತ್ತಾಳೆ. ಹೋದಾಗಲೆಲ್ಲ ನನಗೆ ಉಣಿಸುತ್ತಾಳೆ, ಆ ಕೈಯನ್ನು ನೋಡದೆ ಉಣ್ಣುವುದು ನನಗಿನ್ನೂ ಬಂದಿಲ್ಲ.

ಈ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ನರಗುಂದ ಕಡೆಯ ಒಂದು ಹೊಳೆದಂಡೆಯ ಊರಿನಲ್ಲಿ ಅದೇ ಪದ್ಧತಿ ಕೂಡಿಸಲು ಹೋಗಿದ್ದಳು. ಎರಡನೆಯ ದಿನವೇ ಫೋನ್ ಮಾಡಿದಳು, ದನಿ ಕುಗ್ಗಿತ್ತು. ಅಲ್ಲಿಯ ಹೆಂಗಸರು ಹಗಲೆಲ್ಲ ಹೊಲದಲ್ಲಿರುತ್ತಾರೆ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಸಿಕ್ಕರೂ ಫೋನು ಗಂಡಸರ ಜೇಬಿನಲ್ಲಿರುತ್ತದೆ. ಅವರು ಕೇಳುತ್ತಿರುವುದು ಫೋನನ್ನಲ್ಲ, ಕಳೆ ತೆಗೆಯುವಾಗ ತಲೆ ಎತ್ತಿದರೆ ಕಾಣುವಂತೆ ತಾನೇ ಏರುವ ಒಂದು ಬಿಳಿ ಬಾವುಟ. ನಾಲ್ಕು ತಿಂಗಳು ಬರೆದ ಪ್ರೋಗ್ರಾಂ ಏನು ಮಾಡಲಿ ಎಂದು ಕೇಳಿದಳು. ಅದನ್ನು ಎತ್ತಿಡು, ಇನ್ನೂ ನಾಲ್ಕು ದಿನ ಅಲ್ಲೇ ಇರು, ಯಾವ ಯಾವ ಹೊಲದಿಂದ ಆ ಬಾವುಟ ಕಾಣುತ್ತದೆ ಎಂದು ಅವರ ಜೊತೆ ನಡೆದು ನೋಡು ಎಂದೆ. ನಿನ್ನೆ ಒಂದು ಫೋಟೋ ಕಳಿಸಿದ್ದಾಳೆ. ಬದುವಿನ ಮೇಲೆ ಉದ್ದ ಕೋಲಿಗೆ ಯಾರದೋ ಧೋತರ ಕಟ್ಟಿ ಹಿಡಿದು ನಿಂತಿದ್ದಾಳೆ, ದೂರದಲ್ಲಿ ಹೆಸರುಬೆಳೆಯ ಹೊಲದಲ್ಲಿ ಇಬ್ಬರು ಹೆಂಗಸರು ಕೈ ಎತ್ತಿದ್ದಾರೆ, ಕಾಣಿಸುತ್ತಿದೆ ಎಂದು.